ಅಜ್ಜಿಯ ಹೊಸ ಬೈತಲೆ

ಕೊರಿಯರ್‌ನವರು ಕೊಟ್ಟುಹೋದ ಡಬ್ಬವನ್ನು ಮೊದಲು ತೆರೆದವಳು ನನ್ನ ಮಗಳು. 7ನೇ ಕ್ಲಾಸಿನಲ್ಲಿ ಓದುವವಳು. ಮನೆಗೆ ಯಾವ ಪಾರ್ಸೆಲ್ ಬಂದರೂ ಮೊದಲ ಹಕ್ಕು ಅವಳದೇ. ಒಳಗಿದ್ದುದನ್ನು ಎತ್ತಿ ಹಿಡಿದು, "ಅಜ್ಜಿ, ನಿನ್ನ ವಿಗ್ಗಿನ ಹಣೆ ಮೇಲೆ ಸೊಳ್ಳೆಪರದೆ ಇದೆ!" ಎಂದು ಕೂಗಿದಳು.

ನಮ್ಮಮ್ಮನಿಗೆ 68 ವರ್ಷ. ಕ್ಯಾನ್ಸರಿಗೆ ಮೊದಲ ಸಲ ಕೀಮೋ ಕೊಟ್ಟ ಮೂರನೇ ವಾರ, ಬೆಳಿಗ್ಗೆ ಎದ್ದಾಗ ದಿಂಬಿನ ತುಂಬಾ ಕೂದಲು. ಮಕ್ಕಳೇ, ಕೂದಲು ಉದುರುವುದು ಕಾಯಿಲೆಯಿಂದಲ್ಲ, ಔಷಧಿಯಿಂದ. ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಹುಡುಕಿ ಹೊಡೆಯುವುದು ಆ ಔಷಧಿಯ ಕೆಲಸ. ಕೂದಲಿನ ಬುಡದಲ್ಲೂ ಅಂಥ ಕೋಶಗಳಿರುತ್ತವೆ. ಅವಕ್ಕೂ ಪೆಟ್ಟು ಬೀಳುತ್ತದೆ. ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಸಾಮಾನ್ಯವಾಗಿ ಮತ್ತೆ ಚಿಗುರುತ್ತದೆ. ಇದೆಲ್ಲ ಅಮ್ಮನಿಗೂ ಗೊತ್ತಿತ್ತು. ಆದರೂ ಅವರು ಗೇಟಿನಾಚೆ ಕಾಲಿಡುವುದನ್ನು ಬಿಟ್ಟಿದ್ದರು. ಮಗಳ ಶಾಲೆಯಲ್ಲಿ ಅಜ್ಜ-ಅಜ್ಜಿಯರ ದಿನಕ್ಕೆ ಹತ್ತೇ ದಿನ ಉಳಿದಿತ್ತು. ಪ್ರತಿ ವರ್ಷ ಮುಂದಿನ ಸಾಲಿನಲ್ಲಿ ಕೂರುವವರು ಈ ಸಲ, "ನಾನೊಲ್ಲೆ, ನಿಮ್ಮ ತಾತನನ್ನು ಕರೆದುಕೊಂಡು ಹೋಗು" ಎಂದುಬಿಟ್ಟಿದ್ದರು.

ವಿಗ್ ತರಿಸುವಾಗ ಅಮ್ಮನದು ಎರಡೇ ಷರತ್ತು. ಒಂದು, ನರೆ ಬೆರೆತಿರಬೇಕು. ಅಜ್ಜಿಯ ಮುಖಕ್ಕೆ ಹದಿನೆಂಟರ ಹುಡುಗಿಯ ಕೂದಲು ಬೇಡ. ಎರಡು, ಹಣೆ ಕಾಣಬೇಕು, ಕುಂಕುಮ ಇಡಬೇಕಲ್ಲ! ಎರಡನೆಯದೇ ಕಷ್ಟದ್ದು. ಸಾಧಾರಣ ವಿಗ್ಗಿನ ಮುಂದಿನ ಅಂಚು ದಪ್ಪ ಹೊಲಿಗೆಯದು. ಅದನ್ನು ಮುಚ್ಚಲು ಹಣೆಯ ಮೇಲೆ ಕೂದಲು ಇಳಿಬಿಡಲೇಬೇಕು. ಹಿಂದಕ್ಕೆ ಬಾಚಿ ಬೈತಲೆ ತೆಗೆಯುವ ನಮ್ಮ ಅಜ್ಜಿಯರಿಗೆ ಒಪ್ಪುವುದು ಮುಂಭಾಗದಲ್ಲಿ ಲೇಸ್ ಇರುವ ವಿಗ್. ಅದರಲ್ಲಿ ತೀರ ತೆಳುವಾದ ಬಲೆಗೆ ಪುಟ್ಟ ಕೊಕ್ಕೆಸೂಜಿಯಿಂದ ಒಂದೊಂದೇ ಕೂದಲನ್ನು ಗಂಟು ಹಾಕಿರುತ್ತಾರೆ. ಬಲೆ ಚರ್ಮಕ್ಕೆ ಅಂಟಿ ಕೂತರೆ ಕೂದಲು ಹಣೆಯಿಂದಲೇ ಹುಟ್ಟಿದಂತೆ ಕಾಣುತ್ತದೆ. ನಾಟಕ, ಸಿನಿಮಾದವರು ಬಹಳ ಹಿಂದಿನಿಂದ ಬಳಸುವ ಉಪಾಯವಿದು.

ಅಮ್ಮ ಅದನ್ನು ತಿರುಗಿಸಿ ನೋಡಿದರು. "ನಮ್ಮ ಕಾಲದಲ್ಲಿ ಚೌರಿ ಇಟ್ಟು ಜಡೆ ಹೆಣೆಯುತ್ತಿದ್ದೆವು. ಇದು ಪೂರಾ ತಲೆಗೇ ಚೌರಿ" ಎಂದರು. ತಿರುಪತಿಯಲ್ಲಿ ಭಕ್ತರು ಕೊಟ್ಟ ಮುಡಿ ಹರಾಜಾಗಿ ವಿಗ್ ಮಾಡುವವರಿಗೆ ಹೋಗುತ್ತದೆ ಎಂದು ನಾನು ಹೇಳಿದ್ದೇ ತಡ, "ನೀನು ಹುಟ್ಟಿದ ವರ್ಷ ನಾನೂ ಕೊಟ್ಟಿದ್ದೆ. ನನ್ನದೇ ಸುತ್ತಿ ಬಂತೇನೋ" ಎಂದು ನಕ್ಕರು. ಎಷ್ಟೋ ದಿನದ ಮೇಲೆ ಕೇಳಿದ ನಗು.

ಡಬ್ಬದಿಂದ ತೆಗೆದು ನೇರ ತಲೆಗೇರಿಸುವ ವಸ್ತುವಲ್ಲ ಇದು. ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯ ಸಿಕ್ಕು ಮೊದಲು ಬಿಡಿಸಿ, ಆಮೇಲೆ ಬುಡದ ಕಡೆ ಬರಬೇಕು. ತಣ್ಣೀರಿನಲ್ಲಿ ಚೂರು ಶಾಂಪೂ ಕಲಸಿ ಅದ್ದಬೇಕು. ತಿಕ್ಕಬಾರದು, ಬಟ್ಟೆ ಹಿಂಡಿದ ಹಾಗೆ ಹಿಂಡಲೇಬಾರದು. ಟವೆಲಿನಲ್ಲಿ ಒತ್ತಿ ನೆರಳಿನಲ್ಲಿ ಒಣಗಿಸಬೇಕು. ಅದಕ್ಕೆ ಬೇಕಾದ ತಲೆ ನಮ್ಮಲ್ಲಿರಲಿಲ್ಲ. ಮಗಳು ತನ್ನ ತಮ್ಮನ ಚಿಕ್ಕ ಫುಟ್‌ಬಾಲಿನ ಗಾಳಿ ಸ್ವಲ್ಪ ಇಳಿಸಿ ಚೊಂಬಿನ ಮೇಲೆ ಕೂರಿಸಿದಳು. ತಮ್ಮ ಎರಡು ದಿನ ಮುನಿಸಿಕೊಂಡಿದ್ದ.

ಒಣಗಿದ ಮೇಲೆ ಅಮ್ಮನ ಹಣೆಗೆ ಹಿಡಿದು ನೋಡಿದರೆ ಲೇಸ್ ಬಿಳಿಚಿಕೊಂಡಿತ್ತು, ವಿಭೂತಿ ಬಳಿದಂತೆ. ಇದಕ್ಕೆ ಮದ್ದು ಅಡುಗೆಮನೆಯಲ್ಲೇ ಇದೆ: ಚಹಾ. ಹಾಲು, ಸಕ್ಕರೆ ಹಾಕದ ಗಟ್ಟಿ ಡಿಕಾಕ್ಷನ್ ಮಾಡಿ, ಸೋಸಿ, ಆರಿಸಿ, ಲೇಸಿನ ಅಂಚನ್ನಷ್ಟೇ ಅದ್ದಿಟ್ಟೆವು. ಕೆಲವು ನಿಮಿಷಕ್ಕೊಮ್ಮೆ ತೆಗೆದು ಅಜ್ಜಿಯ ಹಣೆಯ ಬಣ್ಣಕ್ಕೆ ಹೋಲಿಸುವ ಕೆಲಸ ಮಗಳದು. ಒದ್ದೆಯಿದ್ದಾಗ ಬಣ್ಣ ಗಾಢವಾಗಿ ಕಾಣುತ್ತದೆ, ಒಣಗಿದಾಗ ತಿಳಿಯಾಗುತ್ತದೆ. ಹಾಗಾಗಿ ಎರಡು ಸಲ ಅದ್ದಬೇಕಾಯಿತು.

ಇನ್ನು ಕತ್ತರಿಯ ಸರದಿ. ಕೈ ನಡುಗುವುದೇ ಇಲ್ಲಿ. ಕತ್ತರಿಸಿದ ಲೇಸನ್ನು ಮತ್ತೆ ಅಂಟಿಸಲಾಗದು. ಮೊದಲು ಅಮ್ಮನಿಗೆ ತೆಳು ಹತ್ತಿಯ ಟೋಪಿ ಹಾಕಿ, ಮೇಲೆ ವಿಗ್ ತೊಡಿಸಿ, ಒಳಗಿನ ಪಟ್ಟಿಗಳನ್ನು ಕುತ್ತಿಗೆಯ ಹಿಂದೆ ಬಿಗಿಮಾಡಿದೆ. ಎರಡೂ ಕಿವಿಯ ಹತ್ತಿರದ ತುದಿಗಳು ಸಮವಾಗಿವೆಯೇ ನೋಡಿ, ಕೂದಲನ್ನೆಲ್ಲ ಹಿಂದಕ್ಕೆ ಕ್ಲಿಪ್ ಹಾಕಿದೆ. ಹಣೆಯ ಮುಂದೆ ಸುಮಾರು ಒಂದು ಇಂಚು ಬರೀ ಲೇಸ್ ಉಳಿದಿತ್ತು. ಎಲ್ಲಿಯವರೆಗೆ ಕತ್ತರಿಸಬೇಕೆಂದು ಬಿಳಿ ಪೆನ್ಸಿಲಿನಿಂದ ಗುರುತು ಮಾಡಿ, ವಿಗ್ಗನ್ನು ಫುಟ್‌ಬಾಲಿಗೆ ವರ್ಗಾಯಿಸಿದೆ. ತಲೆಯ ಮೇಲಿಟ್ಟೇ ಕತ್ತರಿಸುವವರೂ ಇದ್ದಾರೆ. ಕಣ್ಣಿನೆದುರು ಕತ್ತರಿ ಆಡಿಸುವ ಧೈರ್ಯ ನನಗಿಲ್ಲ.

ಉದ್ದಕ್ಕೆ ಒಂದೇ ಸಲ ಕತ್ತರಿಸಬಾರದು. ಹೊರಗಿನಿಂದ ಕೂದಲಿನಂಚಿನವರೆಗೆ ನಾಲ್ಕೈದು ಕಡೆ ಸೀಳಿಕೊಂಡು, ಒಂದೊಂದು ತುಂಡನ್ನೂ ಬಿಗಿಯಾಗಿ ಎಳೆದು ಹಿಡಿದು, ಚಿಕ್ಕ ಹರಿತವಾದ ಕತ್ತರಿಯ ತುದಿಯಿಂದ ಇಷ್ಟಿಷ್ಟೇ ತೆಗೆಯಬೇಕು. ಅಂಚು ಸ್ಕೇಲ್ ಇಟ್ಟಂತೆ ನೆಟ್ಟಗಿದ್ದರೆ ದೂರದಿಂದಲೇ ವಿಗ್ ಎಂದು ಗೊತ್ತಾಗುತ್ತದೆ. ಸಣ್ಣ ಗರಗಸದ ಹಲ್ಲಿನಂತೆ ಅಂಕುಡೊಂಕಾಗಿದ್ದರೆ ಚರ್ಮದಲ್ಲಿ ಬೆರೆತುಹೋಗುತ್ತದೆ. ಗಂಟುಗಳ ಮುಂದೆ ಒಂದೆರಡು ಮಿಲಿಮೀಟರ್ ಲೇಸ್ ಉಳಿಯಲೇಬೇಕು, ಇಲ್ಲದಿದ್ದರೆ ಕೂದಲು ಬಿಚ್ಚಿಕೊಳ್ಳುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಎಡವಿದೆ. ಎಡಗಿವಿಯ ಮೇಲೆ ಕತ್ತರಿ ಒಂದು ಎಳೆ ಒಳಗೆ ಹೋಗಿ ಏಳೆಂಟು ಕೂದಲು ಮೇಜಿನ ಮೇಲೆ ಬಿದ್ದವು. ಮೂವರೂ ಸುಮ್ಮನಾದೆವು. ಅಮ್ಮ ಆ ಕೂದಲನ್ನು ಬೆರಳಲ್ಲಿ ಎತ್ತಿ ನೋಡಿ, "ನನ್ನ ಅಷ್ಟೂ ಕೂದಲು ಹೋದಾಗ ನೀನು ಇಷ್ಟು ಮುಖ ಸಣ್ಣ ಮಾಡಿರಲಿಲ್ಲ. ಮುಂದುವರಿಸು" ಎಂದರು. ಪಕ್ಕದ ನಾಲ್ಕು ಎಳೆಗಳನ್ನು ಅತ್ತ ಬಾಚಿದಾಗ ಸಂದು ಮುಚ್ಚಿತು. ನನ್ನ ಕಣ್ಣಿಗೆ ಮಾತ್ರ ಈಗಲೂ ಅದೇ ಕಾಣುತ್ತದೆ!

ಅಂಟಿನ ವಿಷಯ ಒಂದು ಮಾತು. ಲೇಸನ್ನು ಹಣೆಗೆ ಅಂಟಿಸುವ ಗೋಂದು ಸಿಗುತ್ತದೆ, ಆದರೆ ಚಿಕಿತ್ಸೆಯಲ್ಲಿರುವವರ ಚರ್ಮ ಬಹಳ ಸೂಕ್ಷ್ಮ. ಡಾಕ್ಟರನ್ನು ಕೇಳದೆ ಹಚ್ಚಬೇಡಿ. ನಾವು ಮಖಮಲ್ಲಿನ ಪಟ್ಟಿಯೊಂದನ್ನು ಟೋಪಿಯ ಮೇಲೆ ಕಟ್ಟಿದೆವು. ವಿಗ್ ಜಾರದೆ ಕೂತಿತು. ಕೃತಕ ಎಳೆಯ ವಿಗ್ ಇದ್ದರಂತೂ ಒಲೆಯ ಮುಂದೆ ಬೇಡವೇ ಬೇಡ. ಒಗ್ಗರಣೆಯ ಕಾವು, ಕುಕ್ಕರಿನ ಹಬೆ, ದೇವರ ದೀಪಕ್ಕೆ ಬಗ್ಗುವುದು, ಯಾವುದರಿಂದಲಾದರೂ ಎಳೆ ಸುರುಟಿಕೊಂಡೀತು. ನಮ್ಮದು ನಿಜ ಕೂದಲಿನದು. ಆದರೂ ಅಮ್ಮ ಅಡುಗೆಮನೆಗೆ ಹೋಗುವ ಮೊದಲು ಅದನ್ನು ತೆಗೆದು ಫುಟ್‌ಬಾಲಿಗೆ ತೊಡಿಸುತ್ತಾರೆ.

ಆ ದಿನ ಬೆಳಿಗ್ಗೆ ಬಾಲಬಾಚಣಿಗೆಯ ತುದಿಯಿಂದ ಬೈತಲೆ ತೆಗೆದವಳು ಮಗಳೇ. ಅಮ್ಮ ಕುಂಕುಮ ಇಟ್ಟುಕೊಂಡು ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡರು. "ಬೈತಲೆ ಸ್ವಲ್ಪ ಎಡಕ್ಕಾಯ್ತು ಪುಟ್ಟಿ" ಎಂದರು.

"ನೀನು ಅಲ್ಲಾಡಿದೆ ಅಜ್ಜಿ."

ಶಾಲೆಯಲ್ಲಿ ಮುಂದಿನ ಸಾಲಿನಲ್ಲಿ ಕೂತ ಅಜ್ಜಿ, ಕಾರ್ಯಕ್ರಮ ಅರ್ಧವಾಗುವಷ್ಟರಲ್ಲಿ ಪಕ್ಕದಲ್ಲಿದ್ದ ಇನ್ನೊಬ್ಬ ಅಜ್ಜಿಗೆ ಚಹಾದಲ್ಲಿ ಲೇಸ್ ಅದ್ದುವುದು ಹೇಗೆಂದು ಪಿಸುಮಾತಿನಲ್ಲಿ ಹೇಳಿಕೊಡುತ್ತಿದ್ದರು.