ಅಂಗಳಕ್ಕೆ ಬಂದ ಬೇವು

ಶಿವರಾತ್ರಿ ಕಳೆಯಿತೆಂದರೆ ಕಪ್ಪತಗುಡ್ಡ ಬಣಗುಡತೊಡಗುತ್ತದೆ. ಗದಗ, ಶಿರಹಟ್ಟಿ, ಮುಂಡರಗಿಯ ನೆತ್ತಿಯ ಮೇಲೆ ಹಬ್ಬಿರುವ ಈ ಗುಡ್ಡಸಾಲು 2019ರಲ್ಲಿ ವನ್ಯಜೀವಿ ಧಾಮವಾಯಿತು. ಇಲ್ಲಿರುವುದು ಬೇಸಿಗೆಗೆ ಎಲೆ ಕಳಚುವ ಕುರುಚಲು ಕಾಡು. ಅದೇ ಹೊತ್ತಿಗೆ ಕೆಳಗಿನ ಊರುಗಳ ಅಂಗಳದಲ್ಲಿ ಬೇವಿನ ಗಿಡ ಹಣ್ಣೆಲೆ ಉದುರಿಸುತ್ತಲೇ ಕೆಂಪು ಚಿಗುರು ಬಿಡುತ್ತಿರುತ್ತದೆ. ಯುಗಾದಿಗೆ ಹೂವೂ ಸಿಗುತ್ತದೆ.

ಹೀಗೆ ವರ್ಷವಿಡೀ ಹಸಿರಾಗಿರುವ ಗಿಡ ಬೇಕೆಂದು ಮೆಡಿಟರೇನಿಯನ್ ಕಡೆಯವರು ಹೋಮ್ ಓಕ್ ಹಚ್ಚುತ್ತಾರೆ. ಹಿಮಾಲಯದಲ್ಲಿ ಬಾಂಜ್ ಓಕ್ ಇದೆ. ನಮ್ಮ ಪಶ್ಚಿಮ ಘಟ್ಟಗಳಲ್ಲಿ ಓಕ್ ಸಹಜವಾಗಿ ಬೆಳೆಯುವುದಿಲ್ಲ. ಕೊಡಗಿನ ಕಾಫಿ ತೋಟದ ಸಿಲ್ವರ್ ಓಕ್ ಆಸ್ಟ್ರೇಲಿಯಾದಿಂದ ಬಂದ ಬೇರೆ ಕುಲದ ಮರ. ಗದಗ-ಬೆಟಗೇರಿ, ಲಕ್ಷ್ಮೇಶ್ವರದ ಬಿಸಿಲಿಗೆ ಬೇವನ್ನು ಮೀರಿದ ಗಿಡ ನನಗೆ ಕಾಣುವುದಿಲ್ಲ.

ಅದನ್ನು ಮನೆಯವರೆಗೆ ತಂದದ್ದು ಬಹುಪಾಲು ಹಕ್ಕಿಗಳು, ಬಾವಲಿಗಳು. ಮುಂಗಾರಿನ ಸುಮಾರಿಗೆ ಹಣ್ಣಿನ ತಿರುಳು ತಿಂದು ಬೀಜವನ್ನು ಬೇಲಿಗೆ, ಬದುವಿಗೆ ಬೀಳಿಸುತ್ತವೆ. ಬೇಲಿಯ ಮುಳ್ಳು ಸಸಿಯನ್ನು ಆಡಿನ ಬಾಯಿಂದ ಕಾಯುತ್ತದೆ. ಕಳೆ ಕೀಳುವ ಕೈ ಅದನ್ನೊಂದು ಉಳಿಸಿದರೆ ಸಾಕು, ಮುಂದೆ ಅದರ ಬುಡಕ್ಕೆ ಕಟ್ಟೆ ಬರುತ್ತದೆ, ಕಟ್ಟೆಗೆ ಜನ ಬರುತ್ತಾರೆ.

ಕೈಯಾರೆ ಹಚ್ಚುವವರು ತಡಮಾಡಬಾರದು. ಓಕ್ ಬೀಜ ಒಣಗಿದರೆ ಸತ್ತಂತೆಯೇ. ಬೇವಿನ ಬೀಜವೂ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ತಿರುಳು ತೊಳೆದು, ನೆರಳಲ್ಲಿ ಆರಿಸಿ, ಕೂಡಲೇ ಊರಬೇಕು. ಗುಡ್ಡದಡಿಯ ಮಸಾರಿ ನೆಲದಲ್ಲಿ ಚಿಂತೆಯಿಲ್ಲ. ಎರೆ ನೆಲ ಮಳೆಗೆ ಉಬ್ಬಿ ನೀರು ಹಿಡಿಯುತ್ತದೆ, ಬೇಸಿಗೆಗೆ ಬಾಯಿ ಬಿಟ್ಟು ಎಳೆ ಬೇರು ಹರಿಯುತ್ತದೆ. ಬೇವಿಗೆ ನಿಂತ ನೀರೆಂದರೆ ಆಗದು. ಅಲ್ಲಿ ಅಗಲ ಗುಂಡಿ ತೋಡಿ ಮಸಾರಿ ಮಣ್ಣು, ತಿಪ್ಪೆಗೊಬ್ಬರ ತುಂಬಿ, ಬುಡ ಎತ್ತರಿಸಬೇಕು. ಗೋಡೆಗೆ ಒತ್ತಿ ಹಚ್ಚುವುದು ಬೇಡ.

ಈ ಗಿಡದ ಮೇಲೆ ಹೊರಗಿನವರ ಕಣ್ಣೂ ಬಿದ್ದಿತ್ತು. ಬೇವಿನೆಣ್ಣೆಯಿಂದ ಶಿಲೀಂಧ್ರ ತಡೆಯುವ ವಿಧಾನಕ್ಕೆ ಅಮೆರಿಕದ ಕೃಷಿ ಇಲಾಖೆ ಮತ್ತು ಡಬ್ಲ್ಯು.ಆರ್. ಗ್ರೇಸ್ ಕಂಪನಿ 1994ರಲ್ಲಿ ಯುರೋಪಿನ ಪೇಟೆಂಟ್ ಪಡೆದವು. ಇದು ಭಾರತದಲ್ಲಿ ಮೊದಲೇ ಗೊತ್ತಿದ್ದ ವಿದ್ಯೆ ಎಂಬ ವಾದ ಗೆದ್ದು 2000ರಲ್ಲಿ ಪೇಟೆಂಟ್ ರದ್ದಾಯಿತು. 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ರೈತರ ಪಾಲಿಗೆ ಅದು ದೊಡ್ಡ ಗೆಲುವು.

ಇಷ್ಟು ಬೆಲೆಯ ಗಿಡವಾದ್ದರಿಂದ ಅಂಗಳಕ್ಕೆ ಉದುರಿದ ಹಣ್ಣನ್ನು ಗುಡಿಸಿ ಚೆಲ್ಲಬೇಡಿ. ಹಚ್ಚುವಷ್ಟನ್ನು ಕೂಡಲೇ ಊರಿ, ಉಳಿದದ್ದನ್ನು ಒಣಗಿಸಿಡಿ. 5 ಕಿಲೋ ಬೀಜದ ತಿರುಳಿನ ಪುಡಿಗೆ 100 ಲೀಟರ್ ನೀರಿನ ಲೆಕ್ಕದಲ್ಲಿ ಕಷಾಯ ಮಾಡಿದರೆ ಹಿಂಗಾರಿನ ಕಡಲೆಗೆ ಸಿಂಪಡಿಸಬಹುದು.