ಪರರ ತೋಟದಲ್ಲಿ ಬೇಟೆ

ಕೊಡಗು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಕಾಫಿ ತೋಟಗಳಲ್ಲಿ ಇರುಳು ಕೋವಿಯ ಸದ್ದು ಕೇಳಿದಾಗ ತೋಟದೊಡೆಯನು ಮಾಡತಕ್ಕುದೇನು? ಕೆಲವರು ತಾವೂ ಕೋವಿ ಹಿಡಿದು ಹೊರಡುವರು. ಕೆಲವರು ಬೆಳಗಾಗುವಾಗ ಮನೆಗೆ ಬರುವ ಮಾಂಸದ ಪಾಲಿನಿಂದ ತೃಪ್ತರಾಗಿ ಸುಮ್ಮನಿರುವರು. ಎರಡೂ ಅವಿವೇಕವೆಂದು ನಮ್ಮ ಅಭಿಪ್ರಾಯ.

ನೆಲವು ತನ್ನದಾದ ಮಾತ್ರಕ್ಕೆ ಅದರಲ್ಲಿ ಮೇಯುವ ಕಡವೆಯೂ ಕಾಡುಹಂದಿಯೂ ಒಡೆಯನ ಸೊತ್ತಾಗವು. 1972ರ ವನ್ಯಜೀವಿ ಸಂರಕ್ಷಣಾ ಶಾಸನದ ಮೇರೆಗೆ, ಕಳ್ಳಬೇಟೆಯಲ್ಲಿ ಸತ್ತ ಮೃಗವು ಸರ್ಕಾರದ್ದು. ಅದು ಕೈಸೇರಿದವನು 48 ಗಂಟೆಗಳೊಳಗಾಗಿ ಅಧಿಕಾರಿಗಳಿಗೆ ತಿಳಿಸತಕ್ಕದ್ದು. ಪಾಲು ತಿಂದ ಯಜಮಾನನು ಇನ್ನಾರ ಮೇಲೆ ದೂರು ಹೇಳಿಯಾನು? ಇತ್ತ, ಬರಿಯ ಅತಿಕ್ರಮ ಪ್ರವೇಶಕ್ಕಾಗಿ ಒಬ್ಬನ ಪ್ರಾಣ ತೆಗೆಯುವ ಅಧಿಕಾರವನ್ನು ನಮ್ಮ ದಂಡಶಾಸನವು ಯಾರಿಗೂ ಕೊಟ್ಟಿಲ್ಲ.

ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಂಥ ಪ್ರವೇಶಕ್ಕಿರುವ ಶಿಕ್ಷೆ ಹೆಚ್ಚೆಂದರೆ 3 ತಿಂಗಳ ಸೆರೆ, 5000 ರೂಪಾಯಿ ದಂಡ. ಅದಕ್ಕೂ ದುರುದ್ದೇಶವು ರುಜುವಾಗಬೇಕು. ದಾರಿ ತಪ್ಪಿ ಬಂದೆನೆಂಬ ಸಬೂಬು ಎಲ್ಲರ ನಾಲಗೆಯ ಮೇಲೂ ಇದೆ. ಆದುದರಿಂದ ದೂರಿನಲ್ಲಿ ಬೇಲಿ ದಾಟಿದ ಮಾತಿಗಿಂತ ಮೊದಲು ಬೇಟೆಯ ಮಾತು ಬರಬೇಕು. ಕೋವಿಯೇ ಇರಬೇಕೆಂದಿಲ್ಲ, ಉರುಳೊಡ್ಡುವುದೂ, ಒಡ್ಡಲು ಯತ್ನಿಸುವುದೂ 1972ರ ಶಾಸನದಲ್ಲಿ ಬೇಟೆಯೇ.

ಈ ಉರುಳು ಕೋವಿಗಿಂತ ಕ್ರೂರ. ಹಂದಿಗೆಂದು ಬೇಲಿಯ ಕಂಡಿಯಲ್ಲಿ ಕಟ್ಟಿದ ತಂತಿಗೆ ಚಿರತೆಯು ಸೊಂಟ ಸಿಕ್ಕಿಸಿಕೊಂಡು ನರಳಿ ಸಾಯುವುದುಂಟು. ಜೀವಂತವಿದ್ದರೆ, ಮುಂಜಾನೆ ಕೆಲಸಕ್ಕೆ ಬರುವ ಕೂಲಿ ಹೆಂಗಸರೇ ಅದಕ್ಕೆ ಮೊದಲು ಎದುರಾಗುವವರು. ಉರುಳು ಕಂಡ ಒಡೆಯನು ಅದನ್ನು ಕಿತ್ತೆಸೆದು ಮರೆಯದೆ, ಚಿತ್ರ ತೆಗೆದು, ವಲಯ ಅರಣ್ಯಾಧಿಕಾರಿಯನ್ನು ಸ್ಥಳಕ್ಕೆ ಕರೆಯಲಿ. ಅಧಿಕಾರಿಗಳಾದರೋ ದೂರು ತಂದವನನ್ನೇ ಮೊದಲು ಅಪರಾಧಿಯಂತೆ ಕೂರಿಸಿ ವಿಚಾರಿಸಿದರೆ, ಮುಂದಿನ ಉರುಳಿನ ಸುದ್ದಿ ಅವರ ಕಚೇರಿಯನ್ನು ಮುಟ್ಟಲಾರದು.