ಅಡ್ವಾನ್ಸಿಗೆ ಸುಣ್ಣ ಬಳಿದ ಕಥೆ

ಮಂಡ್ಯ ಜಿಲ್ಲೆಯ ಯಲಿಯೂರಿನ ಕಡೆ ಭೋಗ್ಯ ಅಂದರೆ ಬಿಡಿಸಿ ಹೇಳಬೇಕಿಲ್ಲ. ಮದುವೆಗೋ ಆಸ್ಪತ್ರೆಗೋ ದುಡ್ಡು ಬೇಕಾದಾಗ ನಾಲೆ ಬಯಲಿನ ಗದ್ದೆಯನ್ನು ಇಷ್ಟು ವರ್ಷಕ್ಕೆಂದು ಬಿಟ್ಟುಕೊಡುತ್ತಾರೆ. ಹಣಕ್ಕೆ ಬಡ್ಡಿಯಿಲ್ಲ, ಗದ್ದೆಗೆ ಗುತ್ತಿಗೆಯಿಲ್ಲ. ಗಡುವು ಮುಗಿದರೆ ಅಸಲು ದುಡ್ಡು ಕೊಟ್ಟವರಿಗೆ, ಜಮೀನು ಮಾಲೀಕರಿಗೆ. ‘ಬದು ಕುಸಿದಿದೆ’ ಎಂದು ಅಸಲಿನಲ್ಲಿ ಮುರಿದುಕೊಳ್ಳಲು ಹೋದರೆ ನ್ಯಾಯ ಪಂಚಾಯ್ತಿಕಟ್ಟೆಗೆ ಬರುತ್ತದೆ.

ಇದೇ ಊರಿನ ಹುಡುಗ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬಾಡಿಗೆ ಮನೆ ಹಿಡಿದಾಗ ಕೊಡುವ ಅಡ್ವಾನ್ಸೂ ಬಡ್ಡಿಯಿಲ್ಲದ ದುಡ್ಡೇ. ಅದರ ಮೇಲೆ ತಿಂಗಳ ಬಾಡಿಗೆ ಬೇರೆ. ಆದರೂ ಮನೆ ಖಾಲಿ ಮಾಡುವಾಗ ‘ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ’ ಮುರಿದುಕೊಂಡರೆ ಯಾರೂ ಹುಬ್ಬೇರಿಸುವುದಿಲ್ಲ. ಈ ರೂಢಿ ಬೇರುಬಿಟ್ಟದ್ದು ಹೇಗೆ?

ಮೈಸೂರು ರಾಜ್ಯದಲ್ಲಿ 1951ರಲ್ಲೇ ಮನೆ ಬಾಡಿಗೆ ನಿಯಂತ್ರಣ ಕಾಯ್ದೆ ಬಂದಿತ್ತು. ಏಕೀಕರಣದ ನಂತರ 1961ರ ಕಾಯ್ದೆ ಅದರ ಜಾಗಕ್ಕೆ ಬಂತು. ಖಾಲಿ ಮನೆಯ ಸುದ್ದಿಯನ್ನು ಮಾಲೀಕ ನಿಯಂತ್ರಣಾಧಿಕಾರಿಗೆ ತಿಳಿಸಬೇಕಿತ್ತು. ಬಾಡಿಗೆದಾರನನ್ನು ಬಿಡಿಸಬೇಕಾದರೆ 21ನೇ ಕಲಮಿನ ಕಾರಣಗಳಲ್ಲಿ ಒಂದನ್ನು ರುಜುವಾತು ಮಾಡಬೇಕಿತ್ತು. ‘ನನಗೇ ಮನೆ ಬೇಕು’ ಎಂದು ಕೋರ್ಟಿನ ಮೆಟ್ಟಿಲು ಹತ್ತಿದವರು ವರ್ಷಗಟ್ಟಲೆ ಅಲೆದರು. ಬಾಡಿಗೆ ನಿಂತರೂ ಕೈಯಲ್ಲಿ ಒಂದಿಷ್ಟು ದುಡ್ಡಿರಲಿ ಎಂಬುದು ದೊಡ್ಡ ಅಡ್ವಾನ್ಸಿಗೆ ಮಾಲೀಕರು ಇಂದಿಗೂ ಕೊಡುವ ಸಮರ್ಥನೆ. ಬೆಂಗಳೂರಿನಲ್ಲಿ ಅಡ್ವಾನ್ಸು ಹತ್ತು ತಿಂಗಳ ಬಾಡಿಗೆಯವರೆಗೂ ಬೆಳೆಯಿತು.

2001ರ ಡಿಸೆಂಬರ್ 31ರಂದು ಜಾರಿಯಾದ ಕರ್ನಾಟಕ ಬಾಡಿಗೆ ಕಾಯ್ದೆ-1999 ಗಾಳಿಯ ದಿಕ್ಕು ಬದಲಿಸಿತು. ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಗೆ ಕಾಯ್ದೆಯೇ ಅನ್ವಯಿಸದು ಎಂದಿತು. ಆ ದರಕ್ಕೆ ಇವತ್ತು ಮನೆ ಸಿಗುವುದೇ ಅಪರೂಪ. ಹೀಗೆ ಬಹುಪಾಲು ಮನೆಗಳು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಕೆಳಗೆ ಬಂದು ನಿಂತವು.

ಆ ಹಳೆಯ ಕಾಯ್ದೆಯ 108ನೇ ಕಲಮು ಬಾಡಿಗೆದಾರನ ಪರವಾಗಿಯೇ ಮಾತಾಡುತ್ತದೆ. ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂತಿರುಗಿಸಬೇಕು, ಆದರೆ ಸಹಜ ಸವಕಳಿಗೆ ಅವನು ಹೊಣೆಯಲ್ಲ. ದೇವರ ಗೂಡಿನ ಮೇಲಿನ ದೀಪದ ಮಸಿ, ಬಿಸಿಲಿಗೆ ಮಾಸಿದ ಬಣ್ಣ, ಸವೆದ ನಲ್ಲಿ ವಾಷರ್ರು ವಾಸ ಮಾಡಿದ ಗುರುತುಗಳು. ಒಡೆದ ವಾಷ್‌ಬೇಸಿನ್ನು, ಕಿತ್ತುಬಂದ ಬಾಗಿಲು ಬೇರೆ ಲೆಕ್ಕ. ಆದರೆ ಅದೇ ಕಲಮಿನ ಮೊದಲ ಸಾಲಲ್ಲೇ ಷರತ್ತಿದೆ: ಕರಾರಾಗಲಿ ಸ್ಥಳೀಯ ರೂಢಿಯಾಗಲಿ ಇದಕ್ಕೆ ವಿರುದ್ಧವಾಗಿ ಇಲ್ಲದಿದ್ದರೆ ಮಾತ್ರ ಈ ನಿಯಮ.

ಸುಣ್ಣ-ಬಣ್ಣದ ಸಾಲು ನುಸುಳಿದ್ದು ಈ ಸಂದಿಯಲ್ಲಿ. ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟರ್ ಮಾಡಿಸಬೇಕು. ಅದನ್ನು ತಪ್ಪಿಸಲು ಹುಟ್ಟಿದ್ದು 11 ತಿಂಗಳ ಅಗ್ರಿಮೆಂಟು. ಟೈಪಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿ ಅದರ ನಮೂನೆ ಸಿದ್ಧವಾಗಿಯೇ ಇರುತ್ತದೆ. ಹೆಸರು, ವಿಳಾಸ, ಮೊತ್ತ ಬದಲಾಗುತ್ತವೆ, ಪೇಂಟಿಂಗಿನ ಸಾಲು ಹಾಗೇ ಉಳಿಯುತ್ತದೆ. ಐದು ವರ್ಷ ಸುಣ್ಣ ಕಾಣದ ಗೋಡೆಗೂ ಅದೇ ಸಾಲು, ಆರೇ ತಿಂಗಳಿದ್ದು ಹೋದವರಿಗೂ ಅದೇ ಸಾಲು. ಸಹಿ ಬಿದ್ದ ಮೇಲೆ ಕಾಯ್ದೆಯ ರಿಯಾಯಿತಿಯನ್ನು ಎತ್ತಿ ಹಿಡಿಯುವುದು ಕಷ್ಟ.

ಅಡ್ವಾನ್ಸಿನ ಗಾತ್ರವನ್ನೇ ಕಟ್ಟಿಹಾಕುವ ದಾರಿಯೂ ಇದೆ: ತಮಿಳುನಾಡು 2017ರ ಕಾಯ್ದೆಯಲ್ಲಿ ಅಡ್ವಾನ್ಸಿಗೆ ಮೂರು ತಿಂಗಳ ಮಿತಿ ಹಾಕಿದೆ. ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಎನ್ನುತ್ತದೆ. ಆದರೆ ಅದು ಮಾದರಿ ಮಾತ್ರ. ರಾಜ್ಯ ತನ್ನದಾಗಿಸಿಕೊಂಡರಷ್ಟೇ ಜಾರಿ.

ಅಲ್ಲಿಯವರೆಗೆ ಬಾಡಿಗೆದಾರನ ಬಲವೆಲ್ಲ ಕಾಗದದಲ್ಲೇ ಇದೆ. ಸಹಿಗೆ ಮುಂಚೆ ಆ ಒಂದು ಸಾಲನ್ನು ಹೊಡೆಸಬೇಕು, ಇಲ್ಲವೇ ‘ಎರಡು ವರ್ಷದೊಳಗೆ ಬಣ್ಣ ಬಳಿದಿದ್ದರೆ ಮಾತ್ರ’ ಎಂದು ಸೇರಿಸಬೇಕು. ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಬೇಕು. ಬೀಗದ ಕೈ ಪಡೆಯುವ ದಿನವೂ ಹಿಂತಿರುಗಿಸುವ ದಿನವೂ ಮನೆಯ ವಿಡಿಯೊ ಇರಲಿ. ಮುರಿದುಕೊಂಡ ಪ್ರತಿ ರೂಪಾಯಿಗೂ ಬಿಲ್ಲು ಕೇಳಬೇಕು. ತೂಬಿನಕೆರೆ ಕೈಗಾರಿಕಾ ಪ್ರದೇಶ ಹತ್ತಿರದಲ್ಲಿದೆ ಎಂದು ಯಲಿಯೂರಿನಲ್ಲೇ ಸಾಲುಮನೆ ಕಟ್ಟಿಸಿ ಬಾಡಿಗೆಗೆ ಕೊಡುವವರಿಗೂ ಇದೇ ಕಾಗದ ಆಸರೆ: ನಿಜವಾಗಿ ಹಾನಿಯಾಗಿದ್ದರೆ ಅದನ್ನು ತೋರಿಸುವುದೂ ಅದೇ.

ಮಾಲೀಕರು ಮಾತಿಗೆ ಬಗ್ಗದಿದ್ದರೆ ವಕೀಲರಿಂದ ನೋಟಿಸು. ಬಾಕಿ ವಸೂಲಿಯ ದಾವೆಗೆ ಮೂರು ವರ್ಷದ ಕಾಲಮಿತಿಯಿದೆ. ಅದಕ್ಕೂ ಮೊದಲು ಮನೆಯಿರುವ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು, ದಾವೆ ಹೂಡದೆಯೇ ಲೋಕ ಅದಾಲತ್ತಿನಲ್ಲಿ ರಾಜಿಗೆ ಕೂರಬಹುದು. ಕೋರ್ಟ್ ಶುಲ್ಕವಿಲ್ಲ. ಇಬ್ಬರೂ ಒಪ್ಪಿ ಸಹಿ ಮಾಡಿದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ. ಅದರ ಮೇಲೆ ಮೇಲ್ಮನವಿಯಿಲ್ಲ.